ಕಾಫಿ ಕಾಪಾಡಿತೋ, ಪಂಚಾಯಿತಿ ಕಾಪಾಡಿತೋ?

ಪ್ರಶ್ನೆ: ಸೋಮವಾರಪೇಟೆ ಕಡೆಯ ಒಂದು ಗ್ರಾಮ ಪಂಚಾಯಿತಿಗೆ 2020ರ ಡಿಸೆಂಬರ್ ಚುನಾವಣೆಯಲ್ಲಿ ಆಯ್ಕೆಯಾದವಳು ನಾನು. ಕೊರೊನಾ ಎರಡನೇ ಅಲೆಯಲ್ಲಿ ಕಾರ್ಯಪಡೆಯಲ್ಲಿದ್ದು ಮನೆ ಮನೆ ಓಡಾಡಿದ್ದೇನೆ. ಆಗ ಪಂಚಾಯಿತಿ ಮಾಡಿದ ಖರ್ಚಿನಿಂದ ಊರಿನ ಆರ್ಥಿಕ ಸ್ಥಿತಿಗೆ ಏನಾದರೂ ಅನುಕೂಲವಾಯಿತೇ? ‘ಪಂಚಾಯಿತಿ ಏನು ಮಾಡಿತು, ನಮ್ಮನ್ನು ಕಾಪಾಡಿದ್ದು ಕಾಫಿ’ ಎಂದು ಊರಿನ ಹಿರಿಯರು ಇಂದಿಗೂ ಹೇಳುತ್ತಾರೆ. ತರಬೇತಿಯಲ್ಲಿ ಮಾತ್ರ, ಸರ್ಕಾರ ಒಂದು ರೂಪಾಯಿ ಖರ್ಚು ಮಾಡಿದರೆ ಊರಿನಲ್ಲಿ ಅದು ಎರಡು ರೂಪಾಯಿ ಆಗುತ್ತದೆ ಎಂದಿದ್ದರು. ಯಾವುದನ್ನು ನಂಬಲಿ? ಇನ್ನೊಮ್ಮೆ ಇಂಥದ್ದು ಬಂದರೆ ಪಂಚಾಯಿತಿ ಮೊದಲೇ ಏನು ಮಾಡಿಟ್ಟುಕೊಳ್ಳಬೇಕು?

ಉತ್ತರ: ಊರಿನ ಹಿರಿಯರ ಮಾತು ಅರ್ಧ ಸರಿ. ತರಬೇತಿಯಲ್ಲಿ ಹೇಳಿದ್ದು ಅರ್ಧಕ್ಕಿಂತಲೂ ಕಡಿಮೆ ಸರಿ. ಮೊದಲು ಹಿರಿಯರ ಮಾತನ್ನೇ ನೋಡೋಣ.

2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿದ್ದಾಗ ಕೊಡಗಿನಲ್ಲಿ ಕಾಫಿ ಕೊಯ್ಲು ಬಹುತೇಕ ಮುಗಿದಿತ್ತು. ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಶುರುವಾಗುತ್ತದೆ, ರೋಬಸ್ಟಾ ಫೆಬ್ರುವರಿ–ಮಾರ್ಚ್‌ವರೆಗೂ ಎಳೆಯುತ್ತದೆ. ಹಣ್ಣು ಕಣ ಸೇರಿತ್ತು, ಒಣಗಿದ್ದು ಗೋದಾಮು ಸೇರಿತ್ತು. ಇದೇ ಬೀಗ ಡಿಸೆಂಬರ್‌ನಲ್ಲಿ ಬಿದ್ದಿದ್ದರೆ ಗಿಡದಲ್ಲೇ ಹಣ್ಣು ಉದುರಿ ಕಥೆ ಬೇರೆಯಾಗುತ್ತಿತ್ತು. ಕೃಷಿ ಕೆಲಸಕ್ಕೆ ವಿನಾಯಿತಿಯೂ ಸಿಕ್ಕಿತು. ಹಾಗಾಗಿ ತೋಟವಿದ್ದವನ ಕೈಯಲ್ಲಿ ಮಾರಲು ಸರಕು ಇತ್ತು. ತೋಟದೊಳಗಿನ ಲೈನ್ ಮನೆಗಳಲ್ಲಿದ್ದ ಕಾರ್ಮಿಕರಿಗೂ ಅಷ್ಟಿಷ್ಟು ಕೆಲಸ ಉಳಿಯಿತು. ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ದೇಶದ ಒಟ್ಟು ಉತ್ಪನ್ನ ಹಿಂದಿನ ವರ್ಷಕ್ಕಿಂತ ಹೆಚ್ಚುಕಡಿಮೆ ಕಾಲು ಭಾಗ ಕುಸಿಯಿತು, ಆದರೆ ಕೃಷಿ ಮಾತ್ರ ಬೆಳೆಯಿತು. ದೇಶದ ಕಾಫಿಯ ಸುಮಾರು ಮೂರನೇ ಒಂದು ಪಾಲನ್ನು ಬೆಳೆಯುವ ಕೊಡಗಿಗೆ ಆ ಲೆಕ್ಕದಲ್ಲಿ ಅದೃಷ್ಟವಿತ್ತು.

ಅದೃಷ್ಟ ಎಂದು ಬೇಕೆಂದೇ ಬರೆಯುತ್ತಿದ್ದೇನೆ. ಕಾಫಿ ಧಾರಣೆ ಚೇತರಿಸಿಕೊಂಡಿದ್ದಕ್ಕೆ ನಮ್ಮ ಶ್ರಮ ಕಾರಣವಲ್ಲ. 2021ರ ಜುಲೈನಲ್ಲಿ ಬ್ರೆಜಿಲ್‌ನ ತೋಟಗಳಿಗೆ ಹಿಮ ಬಡಿಯಿತು, ಅದಕ್ಕೂ ಮೊದಲು ಅಲ್ಲಿ ಬರವಿತ್ತು, ಲೋಕದ ಬೆಲೆ ಏರಿತು. ಅದಕ್ಕೂ ಹಿಂದಿನ ವರ್ಷಗಳಲ್ಲಿ ನಮ್ಮ ಬೆಳೆಗಾರರು ಎಷ್ಟು ಬಳಲಿದ್ದರು ಎಂಬುದು ನಿಮಗೆ ಗೊತ್ತೇ ಇದೆ. 2018ರ ಮತ್ತು 2019ರ ಆಗಸ್ಟ್‌ನಲ್ಲಿ ಗುಡ್ಡ ಜರಿಯಿತು. ಕಾಳುಮೆಣಸಿನ ಬೆಲೆ ಕೆಲವೇ ವರ್ಷಗಳಲ್ಲಿ ಅರ್ಧಕ್ಕಿಂತ ಕೆಳಗೆ ಬಿತ್ತು, ವಿಯೆಟ್ನಾಂ ಮೆಣಸು ಶ್ರೀಲಂಕಾದ ಹೆಸರಿನಲ್ಲಿ ಒಳಬರುತ್ತಿತ್ತು. ಸಾಂಕ್ರಾಮಿಕ ಬಂದಿದ್ದು ಗಟ್ಟಿಯಾಗಿ ನಿಂತ ಜಿಲ್ಲೆಗಲ್ಲ, ಎರಡು ಮಳೆಗಾಲದ ಪೆಟ್ಟು ತಿಂದು ಕುಂಟುತ್ತಿದ್ದ ಜಿಲ್ಲೆಗೆ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿ ಬ್ರಹ್ಮಗಿರಿ ಬೆಟ್ಟವೇ ಕುಸಿಯಿತು.

ಕಾಫಿ ಯಾರನ್ನು ಕಾಪಾಡಿತು ಎಂದು ಹಿರಿಯರನ್ನು ಒಮ್ಮೆ ಕೇಳಿ ನೋಡಿ. ಹೋಂ ಸ್ಟೇಯಲ್ಲಿ ಅಡುಗೆ ಮಾಡುತ್ತಿದ್ದ ಹೆಂಗಸು, ಅಬ್ಬಿ ಜಲಪಾತಕ್ಕೂ ದುಬಾರೆಗೂ ಬಾಡಿಗೆ ಜೀಪು ಓಡಿಸುತ್ತಿದ್ದ ಹುಡುಗ, ಮಡಿಕೇರಿಯಲ್ಲಿ ಮಸಾಲೆ ಪದಾರ್ಥ ಮಾರುತ್ತಿದ್ದ ಅಂಗಡಿಯವನು, ಮದುವೆ ಮಂಟಪಕ್ಕೆ ಪಾತ್ರೆ ಬಾಡಿಗೆ ಕೊಡುತ್ತಿದ್ದವನು: ಇವರ ಪೈಕಿ ಯಾರಿಗೂ ಕಣದಲ್ಲಿ ಕಾಫಿ ಇರಲಿಲ್ಲ. ಏಪ್ರಿಲ್–ಮೇ ಪ್ರವಾಸಿಗರ ಕಾಲ. 2020ರಲ್ಲೂ ಅದೇ ತಿಂಗಳು ಹೋಯಿತು, 2021ರಲ್ಲೂ ಅದೇ ತಿಂಗಳು ಹೋಯಿತು. ಎರಡನೇ ಸಲ ಜೂನ್ 14ರ ನಂತರ ರಾಜ್ಯದ ಹಲವು ಜಿಲ್ಲೆಗಳು ಸಡಿಲಗೊಂಡರೂ ಬಿಗಿ ನಿರ್ಬಂಧ ಮುಂದುವರಿದ 11 ಜಿಲ್ಲೆಗಳಲ್ಲಿ ಕೊಡಗೂ ಇತ್ತು. ಆ ವೇಳೆಗೆ ಮಳೆ ಹಿಡಿದಿತ್ತು. ಕೇರಳದ ಗಡಿಯಲ್ಲಿ ಮಾಕುಟ್ಟದ ರಸ್ತೆಗೆ ಮೊದಲ ಅಲೆಯಲ್ಲೇ ಮಣ್ಣು ಸುರಿದು ಅಡ್ಡ ಹಾಕಿದ್ದರು, ವಿರಾಜಪೇಟೆಯ ವ್ಯಾಪಾರಕ್ಕೆ ಅದು ಬೇರೆ ಪೆಟ್ಟು. ಮನೆಯ ಚಿನ್ನ ಬ್ಯಾಂಕಿಗೆ ಹೋದ ಕಾಲ ಅದು. ರಿಸರ್ವ್ ಬ್ಯಾಂಕ್ 2020ರ ಆಗಸ್ಟ್‌ನಲ್ಲಿ ಒಡವೆಯ ಮೌಲ್ಯದ ಶೇ 90ರವರೆಗೂ ಸಾಲ ಕೊಡಲು ಬ್ಯಾಂಕುಗಳಿಗೆ ಅನುಮತಿ ನೀಡಿದ್ದು ಸುಮ್ಮನಲ್ಲ.

ಇನ್ನು ಪಂಚಾಯಿತಿಯ ವಿಚಾರ. ಇಲ್ಲಿ ನಿಮ್ಮ ಹಿರಿಯರೂ ತರಬೇತುದಾರರೂ ಇಬ್ಬರೂ ಗಮನಿಸದ ಒಂದು ಸಂಗತಿಯಿದೆ, ನನಗೆ ಈ ಇಡೀ ಚರ್ಚೆಯ ತಿರುಳು ಅದೇ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕಾರ ಗ್ರಾಮ ಪಂಚಾಯಿತಿ ತೆರಿಗೆ ಹಾಕುವುದು ಕಟ್ಟಡಗಳಿಗೆ ಮತ್ತು ಕೃಷಿ ಕಂದಾಯಕ್ಕೆ ಒಳಪಡದ ಜಮೀನಿಗೆ. ಎಂದರೆ ಕೊಡಗಿನ ಸಂಪತ್ತಿನಲ್ಲಿ ಎಲ್ಲಕ್ಕಿಂತ ದೊಡ್ಡದಾದ ಕಾಫಿ ತೋಟ ಪಂಚಾಯಿತಿಯ ತೆರಿಗೆಯ ಬೇಲಿಯಾಚೆ ಇದೆ. ತೋಟದ ಬಂಗಲೆಗೆ, ಗೋದಾಮಿಗೆ ಕಟ್ಟಡ ತೆರಿಗೆ ಬರುತ್ತದೆ, ನಿಜ. ಆದರೆ ಕಾಫಿ ಮೂಟೆಗೆ ಬೆಲೆ ಇಮ್ಮಡಿಯಾದರೂ ಪಂಚಾಯಿತಿಯ ಪೆಟ್ಟಿಗೆಗೆ ಒಂದು ಪೈಸೆ ಹೆಚ್ಚು ಬೀಳುವುದಿಲ್ಲ. ಪಂಚಾಯಿತಿಗೆ ಬರುವುದು ಮನೆ ಕಂದಾಯ, ನೀರಿನ ಶುಲ್ಕ, ಅಂಗಡಿ ಪರವಾನಗಿ, ಸಂತೆ ಸುಂಕದ ಹರಾಜು, ರೆಸಾರ್ಟ್ ಮತ್ತು ಹೋಂ ಸ್ಟೇ ಕಟ್ಟಡಗಳ ತೆರಿಗೆ. ಸಾಂಕ್ರಾಮಿಕ ಕೈಯಿಟ್ಟಿದ್ದು ಸರಿಯಾಗಿ ಇವುಗಳ ಮೇಲೆಯೇ. ಗಟ್ಟಿಯಾಗಿ ನಿಂತ ಆದಾಯಕ್ಕೆ ಪಂಚಾಯಿತಿಯ ಕೈ ಎಟಕುವುದಿಲ್ಲ, ಕೈಗೆಟಕುವ ಆದಾಯ ಗಟ್ಟಿಯಾಗಿ ನಿಲ್ಲಲಿಲ್ಲ. ಸಂತೆ ನಿಂತಾಗ ಸುಂಕದ ಗುತ್ತಿಗೆದಾರ ವಿನಾಯಿತಿ ಕೇಳಿ ಅರ್ಜಿ ಹಿಡಿದು ಬಾರದ ಪಂಚಾಯಿತಿ ಉಂಟೇ?

ಹಾಗಾಗಿ ಆ ಎರಡು ವರ್ಷ ಪಂಚಾಯಿತಿಗಳು ನಡೆದಿದ್ದು ಮೇಲಿನಿಂದ ಬಂದ ಹಣದಲ್ಲಿ. ಅದರ ಲೆಕ್ಕವನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಹದಿನೈದನೇ ಹಣಕಾಸು ಆಯೋಗ 2020–21ಕ್ಕೆ ದೇಶದ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ 60,750 ಕೋಟಿ ರೂಪಾಯಿ ಶಿಫಾರಸು ಮಾಡಿತ್ತು. ಅದರಲ್ಲಿ ಅರ್ಧ ನಿರ್ಬಂಧಿತ, ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು. ಇನ್ನರ್ಧವನ್ನು ಸಂಬಳ ಬಿಟ್ಟು ಊರಿನ ಅಗತ್ಯ ನೋಡಿ ಬಳಸಬಹುದಿತ್ತು. ಮರುವರ್ಷ, ಎರಡನೇ ಅಲೆ ಬಂದ 2021–22ರಲ್ಲಿ, ಆ ಮೊತ್ತ 44,901 ಕೋಟಿಗೆ ಇಳಿಯಿತು. ನಿರ್ಬಂಧಿತ ಪಾಲು ಶೇ 60ಕ್ಕೆ ಏರಿತು. ಐದು ವರ್ಷಕ್ಕೆ ಒಟ್ಟು 70,051 ಕೋಟಿಯ ಆರೋಗ್ಯ ಅನುದಾನವನ್ನು ಪ್ರತ್ಯೇಕವಾಗಿ ಇಟ್ಟಿದ್ದರು ಎಂಬುದು ನಿಜ, ಆದರೆ ಅದನ್ನು ನಿಮ್ಮ ಪಂಚಾಯಿತಿ ಇಷ್ಟಬಂದಂತೆ ಬಳಸುವ ಹಾಗಿರಲಿಲ್ಲ. ಕಷ್ಟ ಹೆಚ್ಚಾದ ವರ್ಷವೇ ಬಿಡುಗೈಯ ಹಣ ಕಡಿಮೆಯಾಯಿತು. ಆಯೋಗಕ್ಕೆ ಎರಡನೇ ಅಲೆಯ ಕನಸು ಬಿದ್ದಿರಲಿಲ್ಲ, ಅದರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಜೂನ್‌ನಲ್ಲಿ ಬರಬೇಕಿದ್ದ ಮೊದಲ ಕಂತಿನ 8,923.8 ಕೋಟಿಯನ್ನು ಕೇಂದ್ರ ಸರ್ಕಾರ 2021ರ ಮೇ ತಿಂಗಳಲ್ಲೇ 25 ರಾಜ್ಯಗಳಿಗೆ ಬಿಡುಗಡೆ ಮಾಡಿದ್ದು ಒಳ್ಳೆಯ ಕೆಲಸ. ರಾಜ್ಯ ಸರ್ಕಾರ ಅದೇ ಮೇ ತಿಂಗಳ ಪ್ಯಾಕೇಜಿನಲ್ಲಿ ಪ್ರತಿ ಗ್ರಾಮ ಪಂಚಾಯಿತಿಗೆ 50,000 ರೂಪಾಯಿ ಘೋಷಿಸಿತು. ಐವತ್ತು ಸಾವಿರದಲ್ಲಿ ಏನಾಗುತ್ತದೆ ಎಂದು ಆಗ ನಕ್ಕವರಿದ್ದರು. ನಾನು ನಗುವುದಿಲ್ಲ. ಆಕ್ಸಿಮೀಟರ್ ತರಲು, ರೋಗಿಯನ್ನು ಮಡಿಕೇರಿಯ ಆಸ್ಪತ್ರೆಗೆ ಸಾಗಿಸುವ ಜೀಪಿಗೆ ಡೀಸೆಲ್ ಹಾಕಿಸಲು, ಪ್ರತ್ಯೇಕವಾಗಿದ್ದ ಮನೆಗೆ ದಿನಸಿ ಮುಟ್ಟಿಸಲು ಮೇಲಿನವರ ಮಂಜೂರಾತಿಗೆ ಕಾಯದ ಐವತ್ತು ಸಾವಿರ, ಆರು ತಿಂಗಳು ಬಿಟ್ಟು ಬರುವ ಐದು ಲಕ್ಷಕ್ಕಿಂತ ಮೇಲು.

ಮೊದಲ ಅಲೆಯಲ್ಲಂತೂ ಮೇಲಿನಿಂದ ಬಂದ ಹಣವನ್ನು ಎಲ್ಲಿ ಹಾಕಬೇಕೆಂದು ಹೇಳಬೇಕಾದವರೇ ಇರಲಿಲ್ಲ. ಪಂಚಾಯಿತಿಗಳ ಅವಧಿ 2020ರ ಮಧ್ಯದಲ್ಲಿ ಮುಗಿದು ಆಡಳಿತಾಧಿಕಾರಿಗಳು ಕುಳಿತರು. ನೀವು ಆಯ್ಕೆಯಾಗಿ ಬಂದಿದ್ದು ವರ್ಷದ ಕೊನೆಗೆ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಯಾವ ಹಾಡಿಯಲ್ಲಿ (ಬುಡಕಟ್ಟು ಜನರ ವಸತಿಯಲ್ಲಿ) ಪಡಿತರ ಚೀಟಿ ಇಲ್ಲದ ಮನೆಯಿದೆ, ಯಾರ ಮನೆಯ ದುಡಿಯುವ ಗಂಡಸು ಹಾಸಿಗೆ ಹಿಡಿದಿದ್ದಾನೆ ಎಂಬುದು ವಾರ್ಡಿನ ಸದಸ್ಯೆಗೆ ಗೊತ್ತಿರುತ್ತದೆ, ಮೂರು ಪಂಚಾಯಿತಿಗಳ ಹೊರೆ ಹೊತ್ತ ಅಧಿಕಾರಿಗೆ ಎಲ್ಲಿಂದ ಗೊತ್ತಿರಬೇಕು?

ಈಗ ಒಂದು ರೂಪಾಯಿ ಎರಡಾಗುವ ಮಾತಿಗೆ ಬರುತ್ತೇನೆ. ಇದಕ್ಕೆ ಅರ್ಥಶಾಸ್ತ್ರದಲ್ಲಿ ಗುಣಕ ಎನ್ನುತ್ತಾರೆ. ಅಮೆರಿಕದ ರಾಜ್ಯಗಳನ್ನು ಪರಸ್ಪರ ಹೋಲಿಸಿ ನಡೆದ ಹೆಸರುವಾಸಿ ಅಧ್ಯಯನವೊಂದರಲ್ಲಿ ಸುಮಾರು 1.5 ಎಂಬ ಅಂಕಿ ಬಂದಿದೆ, ಎಂದರೆ ಒಂದು ರೂಪಾಯಿಗೆ ಒಂದೂವರೆ. ತರಬೇತಿಗಳಲ್ಲಿ ಓಡಾಡುವುದು ಇಂಥ ಅಂಕಿಗಳೇ. ಆದರೆ ಅದು ಹೊರಗಿನಿಂದ ಬಂದ ಹಣದ ಲೆಕ್ಕ: ತೆರಿಗೆ ಕೊಡುವುದು ಇಡೀ ದೇಶ, ಖರ್ಚಾಗುವುದು ಒಂದು ರಾಜ್ಯದಲ್ಲಿ. ನಿಮ್ಮ ಪಂಚಾಯಿತಿ ನಿಮ್ಮದೇ ಜನರಿಂದ ಮನೆ ಕಂದಾಯ ಎತ್ತಿ ಅದನ್ನೇ ಖರ್ಚು ಮಾಡಿದರೆ ಹಣ ಹೆಚ್ಚುಕಡಿಮೆ ಒಂದು ಜೇಬಿನಿಂದ ಇನ್ನೊಂದಕ್ಕೆ ಹೋಗುತ್ತದೆ, ಅಷ್ಟೇ. ಮೇಲಾಗಿ ಪ್ರದೇಶ ಚಿಕ್ಕದಾದಷ್ಟೂ ಸೋರಿಕೆ ಹೆಚ್ಚು. 2011ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ ಐದೂವರೆ ಲಕ್ಷ, ನಾವು ತಿನ್ನುವ ತರಕಾರಿ, ಉಡುವ ಬಟ್ಟೆ, ಕಟ್ಟುವ ಸಿಮೆಂಟು ಬಹುಪಾಲು ಘಟ್ಟದ ಆಚೆಯಿಂದಲೋ ಮೈಸೂರು ಕಡೆಯಿಂದಲೋ ಬರುವುದು. ಊರಿಗೆ ಬಂದ ರೂಪಾಯಿ ಒಂದು ಸುತ್ತು ಸುತ್ತುವುದರೊಳಗೆ ಕುಶಾಲನಗರ ದಾಟಿರುತ್ತದೆ.

ಒಂದು ಲಕ್ಷ ರೂಪಾಯಿಯ ಬೆನ್ನು ಹತ್ತಿ ಹೋಗಿ ನೋಡಿ. ಅದನ್ನು ಕಾಂಕ್ರೀಟ್ ರಸ್ತೆಗೆ ಹಾಕಿದರೆ ಸಿಮೆಂಟು ಮತ್ತು ಕಬ್ಬಿಣದ ಹಣ ಜಿಲ್ಲೆಯಾಚೆ ಹೋಯಿತು, ಜಲ್ಲಿಯದು ಕ್ವಾರಿಯವನಿಗೆ, ಜೆಸಿಬಿಯದು ಅದರ ಮಾಲೀಕನಿಗೆ. ಕೂಲಿಯಾಗಿ ಊರಲ್ಲಿ ಉಳಿಯುವುದು ಕೊನೆಯ ಚೂರು. ಅದೇ ಲಕ್ಷವನ್ನು ಉದ್ಯೋಗ ಖಾತ್ರಿಯಲ್ಲಿ ತೋಡಿನ (ಸಣ್ಣ ಹಳ್ಳದ) ಹೂಳೆತ್ತುವ ಕೆಲಸಕ್ಕೆ ಹಾಕಿದಿರಿ ಎನ್ನಿ. ಕೂಲಿಗೆ ಕನಿಷ್ಠ ಶೇ 60 ಎಂಬ ಆಗಿನ ನಿಯಮ ಹಿಡಿದರೂ 60,000 ರೂಪಾಯಿ. 2020–21ರಲ್ಲಿ ದಿನಗೂಲಿ 275 ರೂಪಾಯಿ, ಹಿಂದಿನ ವರ್ಷ 249 ಇತ್ತು. ಸುಮಾರು 218 ಮಾನವ ದಿನ. ಹತ್ತು ಮನೆಗೆ ತಲಾ ಮೂರು ವಾರದ ಕೆಲಸ. ಹೂಳೆತ್ತುವುದರಲ್ಲಿ ಸಾಮಗ್ರಿಯೇ ಇಲ್ಲದ ಕಾರಣ ಕೂಲಿಯ ಪಾಲು ಇನ್ನೂ ಹೆಚ್ಚಿರುತ್ತದೆ. ಆ ಹಣ ಬ್ಯಾಂಕ್ ಖಾತೆಗೆ ಬಿದ್ದು ಅಂಗಡಿಯ ಉದ್ರಿ ತೀರಿಸುತ್ತದೆ, ಅಂಗಡಿಯವನು ಮತ್ತೆ ಉದ್ರಿ ಕೊಡುವ ಧೈರ್ಯ ಮಾಡುತ್ತಾನೆ. ಮಳೆಗೆ ಮುಂಚೆ ತೋಡು ಬಿಡಿಸಿದ್ದರಿಂದ ಗದ್ದೆಗೆ ನೀರು ನುಗ್ಗುವುದು ತಪ್ಪಿದರೆ ಅದು ಬೇರೆ ಲಾಭ.

ಆದರೆ ಸಂತೆಯೇ ಇಲ್ಲದಿದ್ದರೆ ರೂಪಾಯಿ ಸುತ್ತುವುದೆಲ್ಲಿ? ಸಾಂಕ್ರಾಮಿಕವು ಮಾಮೂಲಿ ಆರ್ಥಿಕ ಹಿಂಜರಿತದಂತಲ್ಲ ಎನ್ನುವುದು ಇದಕ್ಕೇ. ಮಡಿಕೇರಿಯ ಶುಕ್ರವಾರದ ಸಂತೆ, ಶನಿವಾರಸಂತೆಯ ಸಂತೆ, ಎಲ್ಲವೂ ಮುಚ್ಚಿದ್ದ ತಿಂಗಳುಗಳಲ್ಲಿ ಕೈಗೆ ಹಣ ಕೊಟ್ಟರೂ ಅದು ವ್ಯಾಪಾರವನ್ನು ಎಬ್ಬಿಸಲಾರದು. ಆಗ ಸರ್ಕಾರಿ ಖರ್ಚಿನ ಕೆಲಸ ವಿಮೆಯದು: ಮನೆಯವರು ಆಡು ಮಾರದಂತೆ, ಬಡ್ಡಿ ಸಾಲಕ್ಕೆ ಬೀಳದಂತೆ, ಮಗುವಿನ ಓದು ಬಿಡಿಸದಂತೆ ಹಿಡಿದಿಡುವುದು. ಹಾಗೆ ಹಿಡಿದಿಟ್ಟ ಮನೆ, ಬೀಗ ತೆಗೆದ ಮೇಲೆ ಬೇಗ ಎದ್ದು ನಿಲ್ಲುತ್ತದೆ. ಗುಣಕ ಕಾಣಿಸುವುದು ಆ ಎರಡನೇ ಘಟ್ಟದಲ್ಲಿ. ತರಬೇತಿಯಲ್ಲಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದರಿಂದ ಗೊಂದಲವಾಗಿದೆ.

ಉದ್ಯೋಗ ಖಾತ್ರಿಯ ಬಗ್ಗೆ ಕೊಡಗಿನಲ್ಲಿ ಒಂದು ಉಡಾಫೆಯಿದೆ: ತೋಟದ ಕೂಲಿ ಅದಕ್ಕಿಂತ ಹೆಚ್ಚು, ಯಾರಿಗೆ ಬೇಕು ಅದು? ಮಾಮೂಲಿ ವರ್ಷದ ಮಟ್ಟಿಗೆ ಸರಿ. 2020–21ರಲ್ಲಿ ಮಾತ್ರ ದೇಶದಾದ್ಯಂತ 389 ಕೋಟಿ ಮಾನವ ದಿನಗಳ ಕೆಲಸ ನಡೆಯಿತು, ಹಿಂದಿನ ವರ್ಷ 265 ಕೋಟಿ. ಬಜೆಟ್ಟಿನ 61,500 ಕೋಟಿ ಸಾಲದೆ ಕೇಂದ್ರ ಸರ್ಕಾರ 40,000 ಕೋಟಿ ಸೇರಿಸಬೇಕಾಯಿತು. ಬೆಂಗಳೂರಿನ ಹೋಟೆಲ್ ಕೆಲಸ, ಸೆಕ್ಯುರಿಟಿ ಕೆಲಸ ಬಿಟ್ಟು ಬಂದವರಿಗೆ ತೋಟದಲ್ಲಿ ಏಕಾಏಕಿ ಜಾಗವಿರುವುದಿಲ್ಲ, ಕೊಯ್ಲು ಮುಗಿದ ಮೇಲಂತೂ ಇಲ್ಲವೇ ಇಲ್ಲ. ಇನ್ನೊಂದು ಮಾತು. ಅವಿಭಜಿತ ಆಂಧ್ರಪ್ರದೇಶದ 157 ಮಂಡಲಗಳಲ್ಲಿ ಈ ಯೋಜನೆಯ ಕೂಲಿ ಪಾವತಿಯನ್ನು ಸರಿಪಡಿಸಿ ಪರಿಣಾಮ ಅಳೆದರು. ಬಡ ಮನೆಗಳ ಆದಾಯ ಏರಿತು, ಆ ಏರಿಕೆಯ ಬಹುಪಾಲು ಬಂದಿದ್ದು ಯೋಜನೆಯ ಕೂಲಿಯಿಂದಲ್ಲ, ಹೊರಗಿನ ಕೂಲಿಯಿಂದ. ಬೇರೆ ದಾರಿಯಿದೆ ಎಂದಾಗ ಕೂಲಿಯವನಿಗೆ ಚೌಕಾಸಿ ಮಾಡುವ ಬಲ ಬರುತ್ತದೆ. ತೋಟದ ಮಾಲೀಕರಿಗೆ ಈ ವಾಕ್ಯ ರುಚಿಸದೆ ಹೋಗಬಹುದು.

ಹಣ ದಂಡವಾಗಿದ್ದೂ ಉಂಟು. ಬೀದಿಗೆ ಸೋಡಿಯಂ ಹೈಪೋಕ್ಲೋರೈಟ್ ಸಿಂಪಡಿಸುವ ಉತ್ಸಾಹ ನೆನಪಿದೆಯೇ? ಹೊರಾಂಗಣದಲ್ಲಿ ಹಾಗೆ ಸಿಂಪಡಿಸುವುದರಿಂದ ಉಪಯೋಗವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲೇ ಹೇಳಿತ್ತು. ಎಲ್ಲೆಡೆ ಸಿಂಪಡಣೆ ಅದಾದ ಮೇಲೂ ನಡೆಯಿತು, ಫೋಟೊಗೆ ಅದು ಚೆನ್ನಾಗಿ ಒದಗುತ್ತದೆ. ಹೆಚ್ಚು ಕೆಲಸಕ್ಕೆ ಬಂದಿದ್ದು ಮೊದಲೇ ಇದ್ದ ನೆರವಿನ ಕೊಳವೆಗಳು. ಪಡಿತರ ಅಂಗಡಿಯ ಮೂಲಕ ಬಂದ ತಲಾ ಐದು ಕಿಲೋ ಉಚಿತ ಧಾನ್ಯ, ಮಳೆಗಾಲದಲ್ಲಿ ಹಾಡಿಗಳ ಜೇನುಕುರುಬ, ಯರವ ಮನೆಗಳಿಗೆ ಮೊಟ್ಟೆ, ಬೇಳೆ, ತುಪ್ಪ ತಲುಪಿಸುತ್ತಿದ್ದ ಪೌಷ್ಟಿಕ ಆಹಾರ ಯೋಜನೆ, ಆಶಾ ಕಾರ್ಯಕರ್ತೆಯರ ಮನೆ ಭೇಟಿ: ಇವ್ಯಾವುದನ್ನೂ ಹೊಸದಾಗಿ ಕಟ್ಟಬೇಕಿರಲಿಲ್ಲ, ಇದ್ದುದರಲ್ಲಿ ಹೆಚ್ಚು ಹರಿಸಿದರೆ ಸಾಕಿತ್ತು. ಲೈನ್ ಮನೆಗಳಲ್ಲಿದ್ದ ಅಸ್ಸಾಂ, ಪಶ್ಚಿಮ ಬಂಗಾಳದ ಕಾರ್ಮಿಕರ ಹೆಸರು ಯಾವ ಕೊಳವೆಯ ಪಟ್ಟಿಯಲ್ಲೂ ಸರಿಯಾಗಿ ಇರಲಿಲ್ಲ. ಅವರ ಊಟ ತೋಟದ ಮಾಲೀಕನ ಒಳ್ಳೆಯತನಕ್ಕೆ ಬಿಟ್ಟಿದ್ದಾಗಿತ್ತು.

ನಿಮ್ಮ ಕೊನೆಯ ಪ್ರಶ್ನೆಗೆ ಬರೋಣ. ಮೊದಲು ನಿಮ್ಮದೇ ಪಂಚಾಯಿತಿಯಲ್ಲಿ ಏನಾಯಿತೆಂದು ಅಳೆಯಿರಿ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಒಟ್ಟು ಉತ್ಪನ್ನ ಲೆಕ್ಕ ಹಾಕುವವರಿಲ್ಲ, ಆದರೆ ಸುಳಿವುಗಳು ನಿಮ್ಮ ಕಚೇರಿಯ ಕಪಾಟಿನಲ್ಲೇ ಇವೆ. ಸಂತೆ ಸುಂಕದ ಹರಾಜು 2019–20ರಲ್ಲಿ ಎಷ್ಟಕ್ಕೆ ಹೋಯಿತು, ಮುಂದಿನ ಮೂರು ವರ್ಷ ಎಷ್ಟಕ್ಕೆ ಹೋಯಿತು? ಕೆಲಸ ಬೇಡಿ ಬಂದ ನಮೂನೆ 6ರ ಅರ್ಜಿಗಳು ಯಾವ ತಿಂಗಳಲ್ಲಿ ಏರಿದವು, ಯಾವ ವಾರ್ಡಿನಿಂದ? ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಸುಸ್ತಿ ಸಾಲ ಏರಿತೇ? ಇವನ್ನು ಒಂದೇ ಹಾಳೆಯಲ್ಲಿ ತಿಂಗಳವಾರು ಬರೆದು, ಪಕ್ಕದಲ್ಲಿ ಪಂಚಾಯಿತಿ ಹಣ ಬಿಡುಗಡೆಯಾದ ತಿಂಗಳು ಬರೆಯಿರಿ. ಹಣ ಕಷ್ಟದ ಜೊತೆಗೇ ಬಂದಿತೋ, ಕಷ್ಟ ಮುಗಿದ ಮೇಲೆ ಮಾರ್ಚ್ ಕೊನೆಯ ವಾರದಲ್ಲಿ ಖರ್ಚಾಯಿತೋ ಎಂಬುದು ಆ ಹಾಳೆಯಲ್ಲೇ ಗೊತ್ತಾಗುತ್ತದೆ.

ಮುಂದಿನ ಸಲಕ್ಕೆ ಅತಿ ಮುಖ್ಯವಾದುದು ಸ್ವಂತ ಸಂಪನ್ಮೂಲದಲ್ಲಿ ಒಂದು ಪಾಲನ್ನು ಮುಟ್ಟದೆ ಉಳಿಸುವುದು. ಪ್ರವಾಸಿಗರು ತುಂಬಿ ತುಳುಕುವ ವರ್ಷಗಳಲ್ಲಿ ಕಟ್ಟಡ ತೆರಿಗೆಯನ್ನು ಪೂರ್ತಿ ವಸೂಲು ಮಾಡಿ, ಲೆಕ್ಕಕ್ಕೆ ಸಿಗದ ಹೋಂ ಸ್ಟೇಗಳನ್ನು ಪಟ್ಟಿಗೆ ಸೇರಿಸಿ. ಕೊಡಗಿನಲ್ಲಿ ಮನೆಯೆಂದು ಕಂದಾಯ ಕಟ್ಟಿ ಹೋಂ ಸ್ಟೇ ಎಂದು ಕೋಣೆ ಬಾಡಿಗೆಗೆ ಕೊಡುವವರು ಎಷ್ಟೋ ಮಂದಿ. ಪಟ್ಟಿ ಮಾಡಹೊರಟರೆ ನೆಂಟರಿಷ್ಟರೇ ಎದುರಾಗುತ್ತಾರೆ ಎಂಬುದೂ ಗೊತ್ತು. ಆದರೂ ನಿರ್ಬಂಧವಿಲ್ಲದ ಹಣ ಪಂಚಾಯಿತಿಗೆ ಇರುವುದು ಅಲ್ಲೇ. ಎಷ್ಟು ಉಳಿಸಬೇಕು ಎಂದರೆ, ನೀರುಗಂಟಿ, ಬಿಲ್ ಕಲೆಕ್ಟರ್, ಸ್ವಚ್ಛತಾ ಸಿಬ್ಬಂದಿಯ ಮೂರು ತಿಂಗಳ ವೇತನ, ಅದರ ಮೇಲೆ ಒಂದು ಕಾರ್ಯಪಡೆಯ ಖರ್ಚು. ಅಷ್ಟಿದ್ದರೆ ಮೇಲಿನ ಕಂತು ತಡವಾದರೂ ನೀರು ಬಿಡುವವನು ಕೆಲಸ ಬಿಟ್ಟು ಹೋಗುವುದಿಲ್ಲ.

ಎರಡನೆಯದು ಕಾಮಗಾರಿಗಳ ಪಟ್ಟಿ. ನಮ್ಮ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣಿನ ಕೆಲಸ ಸಾಧ್ಯವಿಲ್ಲ, ಕೈಗೆ ಹಣ ಬೇಕಾಗುವುದೂ ಅದೇ ತಿಂಗಳುಗಳಲ್ಲಿ. ಬಯಲುಸೀಮೆಗೆ ಹೊಂದುವ ಕ್ರಿಯಾ ಯೋಜನೆ ಇಲ್ಲಿ ಮಳೆಯಲ್ಲಿ ನೆನೆಯುತ್ತದೆ. ಹೂಳೆತ್ತುವುದು, ಇಂಗುಗುಂಡಿ ಎಲ್ಲ ಮೇ ಒಳಗೆ ಮುಗಿಯಬೇಕು. ಮಳೆಗಾಲಕ್ಕೆ ಸಸಿ ನೆಡುವುದು, ಮಾಡಿನ ಕೆಳಗೆ ಮಾಡಬಹುದಾದ ನರ್ಸರಿ ಕೆಲಸ, ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಕುಳಿತು ಮಾಡುವ ಹೊಲಿಗೆಯಂಥ ಕೆಲಸಗಳಿಗೆ ಮೊದಲೇ ಅನುಮೋದನೆ ಪಡೆದಿಡಬೇಕು. ಬಿಕ್ಕಟ್ಟು ಬಂದ ಮೇಲೆ ಅಂದಾಜು ಪಟ್ಟಿ ತಯಾರಿಸಲು ಕುಳಿತರೆ ಎಂಜಿನಿಯರ್ ಸಹಿ ಬೀಳುವಷ್ಟರಲ್ಲಿ ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತ ಹಬ್ಬ ಬಂದಿರುತ್ತದೆ. ಮೂರನೆಯದು, ವಾರ್ಡುವಾರು ಮನೆಗಳ ಪಟ್ಟಿ: ಪಡಿತರ ಚೀಟಿ ಇಲ್ಲದವರು, ಜಾಬ್ ಕಾರ್ಡ್ ಇಲ್ಲದವರು, ಬ್ಯಾಂಕ್ ಖಾತೆ ನಿಷ್ಕ್ರಿಯವಾದವರು, ಲೈನ್ ಮನೆಯ ಹೊರ ರಾಜ್ಯದವರು. ಇದಕ್ಕೆ ಖರ್ಚಿಲ್ಲ. ಕೊಯ್ಲಿನ ಕಾಲದಲ್ಲಿ ಒಮ್ಮೆ, ಮಳೆಗೆ ಮುಂಚೆ ಒಮ್ಮೆ ತಿದ್ದಿದರೆ ಸಾಕು.

ನಿಮ್ಮ ಪಂಚಾಯಿತಿಯ ಜಮಾಬಂದಿ (ವರ್ಷದ ಲೆಕ್ಕಪತ್ರಗಳ ಸಾರ್ವಜನಿಕ ತಪಾಸಣೆ) ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದೊಳಗೆ ನಡೆಯುತ್ತದೆ. ಆ ಹಿರಿಯರನ್ನೂ ಅದಕ್ಕೆ ಕರೆಯಿರಿ, 2020–21 ಮತ್ತು 2021–22ರ ವಹಿಗಳನ್ನು ಮುಂದಿಟ್ಟು ಯಾವ ವೋಚರ್ ಊರಿನ ಯಾರ ಕೈಗೆ ಹೋಯಿತು ಎಂದು ಅವರೇ ಓದಲಿ.